ಆರ್ಟ್‌ಬುಕ್ ನೋಡ್ತಾ ಕೂತ್ರೆ ಡ್ರಾಯಿಂಗ್ ಸುಧಾರಿಸ್ತದಾ?

(ಕಾರವಾರದಲ್ಲಿ ಚಿತ್ರ ಕಲೀತಿರೋ ಹುಡುಗ-ಹುಡುಗಿಯರು, ಅವರ ಪಾಲಕರ ಎದುರು ಮಾತಾಡಿದ್ದು. ಮಾತಾಡಿದ ಹಾಗೇ ಬರೆದಿದ್ದೇನೆ, ಅಲ್ಲಿ ಹೇಳೋಕೆ ಟೈಮ್ ಸಾಲದೇ ಇದ್ದಿದ್ದನ್ನೂ ನಡುನಡುವೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತದಲ್ಲ? ಫ್ಯಾನಿನ ಸದ್ದು ಜಾಸ್ತಿ ಇದೆ, ಆದ್ರೆ ಕಾರವಾರದ ಈ ಸೆಕೆಯಲ್ಲಿ ಫ್ಯಾನ್ ಬಂದ್ ಮಾಡಿ ಅಂತ ಹೇಳೋ ಧೈರ್ಯ ನನಗಿಲ್ಲ, ನಾನೇ ಸ್ವಲ್ಪ ಜೋರಾಗಿ ಮಾತಾಡ್ತೇನೆ.

ಈ ವಿಷಯ ಯಾಕೆ ಅಂದ್ರೆ ಪಾಲಕರು ನನ್ನ ಹತ್ರ ಕೇಳೋದು ಹೆಚ್ಚಾಗಿ ಇದನ್ನೇ. "ಸರ್, ಮಗಳು ಎಂತದೋ ಆರ್ಟ್‌ಬುಕ್ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ, ಆನ್‌ಲೈನಲ್ಲಿ ಮೂರು ಸಾವಿರ ತೋರಿಸ್ತದೆ, ತೆಗೆಸಿಕೊಟ್ರೆ ಉಪಯೋಗ ಉಂಟಾ?" ಅಂತ. ಮಕ್ಕಳು ಕೇಳೋದು ಬೇರೆ ಥರ, "ಸರ್, ಈ ಬುಕ್ ಪೂರ್ತಿ ಸ್ಟಡಿ ಮಾಡಿದ್ರೆ ನಂಗೂ ಹಿಂಗೆ ಬರ್ತದಾ?" ಅಂತ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೇನೆ, ಅವಸರ ಇದ್ದವರು ಆಮೇಲೆ ಚಾ ಕುಡಿಯೋಕೆ ಹೋಗಬಹುದು. ಸುಧಾರಿಸ್ತದೆ. ಆದ್ರೆ ಬುಕ್ ತೆಗೆಯೋ ಮೊದಲೇ ನೀವು ಎಲ್ಲಾದ್ರೂ ಸಿಕ್ಕಿಬಿದ್ದಿರಬೇಕು. ಬಿಡಿಸ್ತಾ ಬಿಡಿಸ್ತಾ ಒಂದು ಕಡೆ ಕೈ ನಿಂತುಹೋಗಿರಬೇಕು, ಈ ಮೊಣಕೈ ಯಾಕೆ ಮುರಿದ ಹಾಗೆ ಕಾಣ್ತದೆ, ಈ ದೋಣಿ ಯಾಕೆ ನೀರ ಮೇಲೆ ಕೂರೋದಿಲ್ಲ, ಇಂಥದ್ದೊಂದು ತಲೆಬಿಸಿ ಇಟ್ಕೊಂಡು ತೆಗೆದ್ರೆ ಬುಕ್ಕಿಂದ ಏನಾದ್ರೂ ಸಿಗ್ತದೆ. ಸುಮ್ನೆ ತೆಗೆದ್ರೆ ಚಂದ ಚಂದ ಚಿತ್ರ ನೋಡಿದ ಖುಷಿ ಸಿಗ್ತದೆ, ಅದೂ ಕೆಟ್ಟದ್ದೇನಲ್ಲ, ಆದ್ರೆ ಮೂರು ಸಾವಿರ ಕೊಟ್ಟದ್ದು ಅದಕ್ಕಲ್ಲವಲ್ಲ.

ಆರ್ಟ್‌ಬುಕ್ ಅಂದ್ರೆ ಎಂತದು ಅಂತ ಕೆಲವು ಪಾಲಕರಿಗೆ ಗೊತ್ತಿರಲಿಕ್ಕಿಲ್ಲ. ಹೀಗೆ ಮಾಡಿ ಹಾಗೆ ಮಾಡಿ ಅಂತ ಹೇಳಿಕೊಡೋ ಪುಸ್ತಕ ಬೇರೆ, ಅದು ಪಾಠದ ಪುಸ್ತಕ. ಆರ್ಟ್‌ಬುಕ್ಕಲ್ಲಿ ಚಿತ್ರಗಳೇ ಇರ್ತವೆ, ಮಾತು ಕಡಿಮೆ. ಒಂದು ಆನಿಮೇಷನ್ ಸಿನಿಮಾ ಅಥವಾ ಗೇಮ್ ಮಾಡುವಾಗ ಬಿಡಿಸಿದ ಪಾತ್ರಗಳು, ಊರು, ಕಾಡು, ಬಣ್ಣದ ಪ್ಲಾನು ಎಲ್ಲ ಸೇರಿಸಿ ಮಾಡಿದ್ದು ಒಂದು ಥರ, ಒಬ್ಬನೇ ಚಿತ್ರಗಾರನ ಕೆಲಸ ಸೇರಿಸಿದ್ದು ಇನ್ನೊಂದು ಥರ, ಅವನ ಸ್ಕೆಚ್‌ಬುಕ್ಕನ್ನೇ ಗೀಚಿದ್ದು ತಿದ್ದಿದ್ದು ಸಮೇತ ಪ್ರಿಂಟ್ ಮಾಡಿದ್ದು ಮೂರನೇ ಥರ. ಕಲಿಯೋರಿಗೆ ಈ ಮೂರನೇದರಷ್ಟು ಲಾಭ ಇನ್ಯಾವುದರಲ್ಲೂ ಇಲ್ಲ, ಆದ್ರೆ ಮಕ್ಕಳು ಹಟ ಹಿಡಿಯೋದು ಯಾವಾಗ್ಲೂ ಮೊದಲನೇದಕ್ಕೆ!

ಬರೀ ನೋಡೋದ್ರಿಂದ ಏನೂ ಆಗೋದಿಲ್ಲ ಅಂತ ನಾನು ಹೇಳ್ತಾ ಇಲ್ಲ. ಜೀವಮಾನವಿಡೀ ಬಯಲಾಟ ನೋಡಿದ ಅಜ್ಜನಿಗೆ ಭಾಗವತರು ತಾಳ ತಪ್ಪಿದ್ದು ಥಟ್ಟನೆ ಗೊತ್ತಾಗ್ತದೆ, ಹಾಗಂತ ಅವರಿಗೇ ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬಿಟ್ರೆ ಎರಡು ಹೆಜ್ಜೆ ಬರೋದಿಲ್ಲ. ಬುಕ್ ನೋಡೋರಿಗೂ ಹಾಗೇ ಆಗ್ತದೆ, ಕಣ್ಣು ಬೆಳೀತದೆ, ಕೈ ಅಲ್ಲೇ ಉಳೀತದೆ. ಇದರಲ್ಲಿ ಒಂದು ಅಪಾಯವೂ ಉಂಟು. ನಿನ್ನೆ ವರೆಗೆ ತನ್ನ ಚಿತ್ರ ನೋಡಿ ಖುಷಿ ಪಡ್ತಿದ್ದ ಹುಡುಗನಿಗೆ ಒಂದು ತಿಂಗಳು ಬರೀ ಒಳ್ಳೊಳ್ಳೆ ಆರ್ಟ್‌ಬುಕ್ ತಿರುವಿ ಹಾಕಿದ ಮೇಲೆ ತನ್ನದೆಲ್ಲ ಕಸ ಅನ್ನಿಸೋಕೆ ಶುರುವಾಗ್ತದೆ, ಪೆನ್ಸಿಲ್ ಹಿಡಿಯೋಕೇ ಮನಸ್ಸು ಬರೋದಿಲ್ಲ, ಬಿಡಿಸೋದು ಬಿಟ್ಟು ಇನ್ನೂ ನಾಲ್ಕು ಪಿಡಿಎಫ್ ಡೌನ್‌ಲೋಡ್ ಮಾಡ್ತಾನೆ. ಲ್ಯಾಪ್‌ಟಾಪ್ ತುಂಬಾ ಆರ್ಟ್‌ಬುಕ್, ಸ್ಕೆಚ್‌ಬುಕ್ ಮಾತ್ರ ಖಾಲಿ. ಇಂಥವರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳೋದಿಲ್ಲ, ನಗಬೇಡಿ.

ಇದರ ಬಗ್ಗೆ ಜಪಾನಿನಲ್ಲಿ ಒಕಾಡಾ, ಇಶಿಬಾಶಿ ಅನ್ನೋ ಇಬ್ಬರು ಸಂಶೋಧಕರು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಒಬ್ಬ ಕಲಾವಿದನ ಚಿತ್ರ ಕೊಟ್ಟು ನಕಲು ಮಾಡಿಸಿದ್ರು, ಆಮೇಲೆ ಸ್ವಂತ ಚಿತ್ರ ಬಿಡಿಸೋಕೆ ಹೇಳಿದ್ರು. ನಕಲು ಮಾಡಿದವರ ಸ್ವಂತ ಚಿತ್ರ ಮೂಲದ ಹಾಗೇ ಇರ್ತದೆ ಅಂತ ನಾವು ಅಂದ್ಕೊಳ್ತೇವೆ, ಆದದ್ದು ಉಲ್ಟಾ, ಅವರ ಚಿತ್ರ ಹೆಚ್ಚು ಹೊಸದಾಗಿತ್ತು, ಮೂಲಕ್ಕಿಂತಲೂ ಬೇರೆ ಥರ ಇತ್ತು. ಆದ್ರೆ ಹೀಗಾದದ್ದು ತಮಗೆ ಪರಿಚಯವೇ ಇಲ್ಲದ ಶೈಲಿ ನಕಲು ಮಾಡಿದಾಗ ಮಾತ್ರ, ಮೊದಲೇ ರೂಢಿ ಇದ್ದ ಶೈಲಿಯಿಂದ ಏನೂ ಲಾಭ ಆಗಲಿಲ್ಲ. ಇನ್ನೊಂದು, ನಕಲು ಮಾಡದೆ ತುಂಬಾ ಹೊತ್ತು ಗಮನ ಇಟ್ಟು ನೋಡಿದವರಿಗೂ ಉಪಯೋಗ ಆಯ್ತು. ಹಾಗಾದ್ರೆ ಬರೀ ನೋಡಿದ್ರೂ ಆಗ್ತದಲ್ಲ ಅಂತ ಕೇಳ್ತೀರಿ, ಆಗ್ತದೆ, ಆದ್ರೆ ಅವರು ನೋಡಿದ್ದು ಒಂದು ಚಿತ್ರದ ಮುಂದೆ ಕೂತು, ನಾವು ನೋಡೋದು ಒಂದು ನಿಮಿಷಕ್ಕೆ ಹತ್ತು ಪುಟ. ಮತ್ತೆ ಆ ಪ್ರಯೋಗದಲ್ಲಿ ಅಳೆದಿದ್ದು ಹೊಸತನವನ್ನ, ಕೈಚಳಕವನ್ನಲ್ಲ, ಅದನ್ನೂ ನೆನಪಿಡಬೇಕು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಪರಿಚಯ ಇಲ್ಲದ ಶೈಲಿ ಅನ್ನೋ ಮಾತು. ನಮ್ಮ ಮಕ್ಕಳು ತಮಗೆ ಆಗಲೇ ಇಷ್ಟ ಆದ ಶೈಲಿಯ ಬುಕ್ಕನ್ನೇ ಒಂದರ ಮೇಲೊಂದು ತಗೋತಾರೆ.

ನಕಲು ಮಾಡಿ ಕಲಿಯೋಕೆ ಅಂತಲೇ ಬುಕ್ ಮಾಡೋದು ಹೊಸ ವಿಷಯ ಅಲ್ಲ. ಚೀನಾದಲ್ಲಿ 1679ರಲ್ಲೇ ಬೆಟ್ಟ, ಕಲ್ಲು, ಮರ, ಎಲೆ ಹೇಗೆ ಬರೀಬೇಕು ಅಂತ ಕುಂಚದ ಗೆರೆ ಸಮೇತ ತೋರಿಸೋ ಪುಸ್ತಕ ಪ್ರಿಂಟ್ ಆಗಿತ್ತು. ಜಪಾನಿನ ಹೊಕುಸಾಯ್, ದೊಡ್ಡ ನೀಲಿ ಅಲೆಯ ಚಿತ್ರ ಮಾಡಿದವನು, ನಿಮ್ಮ ಟೀ ಶರ್ಟ್ ಮೇಲೂ ಇರ್ತದಲ್ಲ ಅದು, ಅವನು ತನ್ನ ಸ್ಕೆಚ್ಚುಗಳ ಮೊದಲ ಸಂಪುಟ ತಂದಿದ್ದು 1814ರಲ್ಲಿ. ಚಿತ್ರ ಕಲಿಯೋರು ನೋಡಿ ಬರೀಲಿ ಅಂತಲೇ ಮಾಡಿದ್ದು, ಕೊನೆಗೆ ಒಟ್ಟು 15 ಸಂಪುಟ ಆಯ್ತು, ಕೊನೇದು ಬಂದದ್ದು 1878ರಲ್ಲಿ, ಅವನು ತೀರಿಕೊಂಡು ಮೂವತ್ತು ವರ್ಷದ ಹತ್ರ ಆದಮೇಲೆ. ಜನ ಎಷ್ಟು ಬೇಡಿಕೆ ಇಟ್ಟಿದ್ರು ಅಂತ ಯೋಚನೆ ಮಾಡಿ.

ಅದರ ಒಂದು ಪುಟ ನೋಡುವ. ಮುಂದಿನ ಸಾಲಿನವರು ಇದನ್ನ ಹಿಂದೆ ಪಾಸ್ ಮಾಡಿ. ಮೂರನೇ ಸಂಪುಟದ್ದು, ಗುಬ್ಬಿ ಕುಣಿತ ಅಂತ. ಪುಟ ತುಂಬಾ ಸಣ್ಣ ಸಣ್ಣ ಕುಣಿಯೋ ಜನ, ಒಬ್ಬೊಬ್ಬರದ್ದು ಒಂದೊಂದು ಭಂಗಿ. ಮುಖ ಕಾಣೋದೇ ಕಡಿಮೆ, ನಗು ಕಣ್ಣು ಎಂತದೂ ಇಲ್ಲ, ಆದ್ರೂ ಯಾರು ಜಿಗೀತಾ ಇದ್ದಾರೆ, ಯಾರು ಈಗಷ್ಟೇ ಕಾಲು ಊರಿದ್ರು, ಯಾರು ತಿರುಗ್ತಾ ಇದ್ದಾರೆ ಅಂತ ಗೊತ್ತಾಗ್ತದೆ. ಅದು ಹೇಗೆ? ಪ್ರಿಂಟಲ್ಲಿ ಇರೋದು ಕಪ್ಪು, ಬೂದು, ಮೈಬಣ್ಣದ ಒಂದು ತೆಳು ಕೆಂಪು, ಮೂರೇ. ಶೇಡಿಂಗ್ ಇಲ್ಲ. ಎಲ್ಲ ಕೆಲಸ ಮಾಡಿದ್ದು ಬೆನ್ನಿನ ಬಾಗು ಮತ್ತೆ ಭಾರ ಇರೋ ಕಾಲು. ಒಬ್ಬನನ್ನ ಪೆನ್ಸಿಲಲ್ಲಿ ನಕಲು ಮಾಡಿ ನೋಡಿ, ಕೈಗಳನ್ನ ಎಷ್ಟೇ ಚಂದ ಮಾಡಿದ್ರೂ ಆ ಬೆನ್ನಿನ ಗೆರೆ ಒಂಚೂರು ನೆಟ್ಟಗಾಯ್ತು ಅಂದ್ರೆ ಅವನು ಕುಣಿಯೋದು ಬಿಟ್ಟು ಬಸ್ ಕಾಯ್ತಾ ನಿಂತ ಹಾಗೆ ಕಾಣ್ತಾನೆ. ಇದು ಪುಟ ನೋಡಿದ್ರೆ ಗೊತ್ತಾಗೋದಿಲ್ಲ, ನಕಲು ಕೆಟ್ಟುಹೋದಾಗ ಗೊತ್ತಾಗ್ತದೆ.

ಇಷ್ಟಾದ ಮೇಲೆ ಆ ಬುಕ್ ಮುಚ್ಚಿ ಯಕ್ಷಗಾನದ ಆಟಕ್ಕೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಆಟ ನೋಡದೇ ಇದ್ದವರು ಯಾರಿದ್ದಾರೆ? ಹೊನ್ನಾವರ ಕಡೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಇದೆ, ಆ ಬಡಗುತಿಟ್ಟಿನ ಕುಣಿತ ನಿಮಗೆ ಬೇಕಾದಷ್ಟು ಹತ್ತಿರದಲ್ಲಿ ಸಿಗ್ತದೆ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು, ರಬ್ಬರ್ ಬೇಡ. ಕಿರೀಟ, ಭುಜಕೀರ್ತಿ ಬಿಡಿಸೋಕೆ ಹೋಗಬೇಡಿ, ಅದು ಮುಗಿಯೋದ್ರೊಳಗೆ ಪದ್ಯ ಮುಗಿದಿರ್ತದೆ. ಬೆನ್ನಿನ ಒಂದು ಗೆರೆ, ಭಾರ ಬಿದ್ದ ಕಾಲಿನ ಒಂದು ಗೆರೆ, ಅಷ್ಟೇ, ಮುಂದಿನ ಭಂಗಿಗೆ ಹೋಗಿ. ಮಂಡಿ ಹಾಕಿ ತಿರುಗುವಾಗ ಏನೂ ಸಿಗೋದಿಲ್ಲ, ಬರೀ ಗೋಜಲು, ಆಗ್ಲಿ. ಮೇಳದವರು ಒಪ್ಪಿದ್ರೆ ಆಟಕ್ಕೆ ಮೊದಲು ಚೌಕಿಗೆ, ಅಂದ್ರೆ ಬಣ್ಣ ಹಚ್ಚಿ ವೇಷ ಕಟ್ಟೋ ಜಾಗಕ್ಕೆ, ಹೋಗಿ ಕೂತ್ಕೊಳ್ಳಿ, ಅಲ್ಲಿ ವೇಷಧಾರಿಗಳು ಕನ್ನಡಿ ಹಿಡಿದು ಒಂದೇ ಕಡೆ ಕೂತಿರ್ತಾರೆ, ಅಷ್ಟು ಹೊತ್ತು ಅಲುಗಾಡದೆ ಕೂರೋ ಮಾಡೆಲ್ ನಿಮಗೆ ದುಡ್ಡು ಕೊಟ್ರೂ ಸಿಗೋದಿಲ್ಲ.

ಬೆಳಿಗ್ಗೆ ಮನೆಗೆ ಬಂದು ನಿದ್ದೆ ಮಾಡಿ ಎದ್ದು ಮತ್ತೆ ಅದೇ ಗುಬ್ಬಿ ಕುಣಿತದ ಪುಟ ತೆಗೀರಿ. ಈಗ ಅದು ಬೇರೆ ಪುಟದ ಹಾಗೇ ಕಾಣ್ತದೆ. ಯಾಕಂದ್ರೆ ಜಿಗಿದವನ ಕಾಲು ಎಲ್ಲಿ ಹೋಗ್ತದೆ ಅಂತ ರಾತ್ರಿಯಿಡೀ ಪರದಾಡಿದ್ದೀರಿ, ಈ ಮನುಷ್ಯ ಅದನ್ನ ಹೇಗೆ ದಾಟಿದ ಅನ್ನೋದು ಈಗ ನಿಮಗೆ ಬೇಕಾಗಿದೆ. ಬುಕ್ಕಿಗೆ ಪ್ರಶ್ನೆ ತಗೊಂಡು ಹೋಗಬೇಕು ಅಂತ ನಾನು ಹೇಳೋದು ಇದಕ್ಕೇ.

ಉಲ್ಟಾ ದಾರಿಯಲ್ಲಿ ಹೋದವರನ್ನೂ ನೋಡಿದ್ದೇನೆ. ಒಬ್ಬ ಹುಡುಗ ಇದ್ದ, ಬುದ್ಧಿವಂತ, ಗೇಮ್‌ಗಳ ಆರ್ಟ್‌ಬುಕ್ಕಿಂದ ಹಡಗು ದೋಣಿ ಎಲ್ಲ ನಕಲು ಮಾಡಿ ಮಾಡಿ ಎಂಥ ಕೈ ಬಂದಿತ್ತು ಅಂದ್ರೆ ಪಟ್ಟಿ ಇಟ್ಟು ಎಳೆದ ಹಾಗೆ. ಅವನನ್ನ ಬೈತಖೋಲ್ ಬಂದರಿಗೆ ಕರ್ಕೊಂಡು ಹೋಗಿ ಕೂರಿಸಿದೆ. ಒಂದು ತಾಸಾದ್ರೂ ಹಾಳೆ ಮೇಲೆ ಎಂತದೂ ಇಲ್ಲ. ಬುಕ್ಕಲ್ಲಿ ಹಡಗು ಯಾವಾಗ್ಲೂ ಅರ್ಧ ಓರೆಯಾಗಿ, ಸ್ವಲ್ಪ ಮೇಲಿಂದ ನೋಡಿದ ಹಾಗೆ, ಹೀರೋ ಥರ ನಿಂತಿರ್ತದೆ. ಇಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಮೂತಿ ನಮ್ಮ ಕಡೆ ಮಾಡಿ ನಿಂತಿವೆ, ನಡುವೆ ಬಲೆ ರಾಶಿ, ಹಗ್ಗ, ಐಸ್ ಬಾಕ್ಸು, ಕಾಗೆ. ಎದುರಿಂದ ನೋಡಿದ ಬೋಟಿನ ಮೂತಿಯಲ್ಲಿ ಎರಡು ಬದಿಯ ಹಲಗೆ ಮೇಲೆ ಅಗಲ ಆಗಿ ಕೆಳಗೆ ಬರ್ತಾ ಬರ್ತಾ ಒಳಗೆ ಬಾಗ್ತದಲ್ಲ, ಆ ಬಾಗು ಬರಲಿಲ್ಲ ಅಂದ್ರೆ ಬೋಟು ತಗಡಿನ ಡಬ್ಬಿ ಆಗ್ತದೆ. ಅವನಿಗೆ ಅದು ಬಂದಿರಲಿಲ್ಲ ಅಂತಲ್ಲ, ಅಂಥದ್ದೊಂದು ಬಾಗು ಇದೆ ಅಂತಲೇ ಗೊತ್ತಿರಲಿಲ್ಲ. ಸಿಟ್ಟು ಬಂತು ಅವನಿಗೆ, ಅಲ್ಲಿಂದಲೇ ಎದ್ದು ಹೋದ. ವಾರ ಬಿಟ್ಟು ಅದೇ ಆರ್ಟ್‌ಬುಕ್ ಹಿಡ್ಕೊಂಡು ಬಂದ, "ಸರ್, ಇದರಲ್ಲಿ ಎದುರಿಂದ ಕಾಣೋ ದೋಣಿ ಮೂಲೇಲಿ ಸಣ್ಣದಾಗಿ ಒಂದೇ ಒಂದು ಕಡೆ ಇದೆ, ನಾ ನೋಡೇ ಇರ್ಲಿಲ್ಲ" ಅಂತ. ಎಷ್ಟೋ ಸಲ ತಿರುವಿದ ಬುಕ್ಕದು!

ವ್ಯಾನ್ ಗೋ ವಿಷಯ ಇಲ್ಲಿ ಹೇಳಲೇಬೇಕು. ಅವನು ಚಿತ್ರಗಾರ ಆಗ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದ್ದು 1880ರಲ್ಲಿ, ವಯಸ್ಸು ಇಪ್ಪತ್ತೇಳು, ಬೆಲ್ಜಿಯಂನ ಕಲ್ಲಿದ್ದಲು ಗಣಿಯ ಕಡೆ ಇದ್ದ, ಹೇಳಿಕೊಡೋರು ಯಾರೂ ಇರಲಿಲ್ಲ. ಶಾರ್ಲ್ ಬಾರ್ಗ್ ಅನ್ನೋನು ಜೆರೋಮ್ ಅನ್ನೋ ಚಿತ್ರಗಾರನ ಜೊತೆ ಸೇರಿ ಮಾಡಿದ ಡ್ರಾಯಿಂಗ್ ಕೋರ್ಸು 1866ರಿಂದ 1871ರ ನಡುವೆ ಪ್ರಕಟ ಆಗಿತ್ತು, ಒಟ್ಟು 197 ಹಾಳೆ. ಮೊದಲು ಪ್ಲಾಸ್ಟರ್ ಮೂರ್ತಿಯ ಕಣ್ಣು, ಕಾಲು, ಕೈ, ಆಮೇಲೆ ದೊಡ್ಡ ಚಿತ್ರಗಾರರ ಡ್ರಾಯಿಂಗು, ಕೊನೆಗೆ ಮನುಷ್ಯರ ಇಡೀ ದೇಹ. ಅದರಲ್ಲೊಂದು ಒಳ್ಳೇದು ಎಂತ ಅಂದ್ರೆ ಎಷ್ಟೋ ಹಾಳೆಯಲ್ಲಿ ಪೂರ್ತಿಯಾದ ಚಿತ್ರದ ಪಕ್ಕದಲ್ಲೇ ಅದನ್ನ ಶುರು ಮಾಡೋ ನೇರ ಗೆರೆಗಳ ಚೌಕಟ್ಟೂ ಇದೆ, ಅಂದ್ರೆ ಅಡುಗೆ ಮನೆಯನ್ನೂ ತೋರಿಸ್ತಾನೆ. ವ್ಯಾನ್ ಗೋ ಈ ಹಾಳೆಗಳನ್ನ ಕೂತು ನಕಲು ಮಾಡಿದ, 1890ರಲ್ಲಿ, ಸಾಯೋ ವರ್ಷವೂ, ಅದರಲ್ಲಿ ಕೆಲವನ್ನ ಮತ್ತೆ ಮಾಡಿದ. ಆದ್ರೆ ಅದೇ ಹೊತ್ತಿಗೆ ಹೊರಗೆ ಹೋಗಿ ಗಣಿ ಕೆಲಸದವರನ್ನೂ ಬರೀತಿದ್ದ. ಈ ಎರಡನೇ ಅರ್ಧ ಯಾರೂ ಹೇಳೋದಿಲ್ಲ.

ಕೊನೆಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಮಿಲೆ ಅನ್ನೋ ಚಿತ್ರಗಾರನ ರೈತರ ಚಿತ್ರಗಳನ್ನ ಕಪ್ಪು ಬಿಳುಪು ಪ್ರಿಂಟ್ ನೋಡ್ಕೊಂಡು ತನ್ನದೇ ಬಣ್ಣದಲ್ಲಿ ಮಾಡಿದ. ಸಂಗೀತಗಾರ ಇನ್ನೊಬ್ಬರ ರಚನೆ ನುಡಿಸುವಾಗ ತನ್ನದನ್ನೂ ಸೇರಿಸೋದಿಲ್ವಾ, ಇದೂ ಹಾಗೇ ಅನ್ನೋ ಅರ್ಥದಲ್ಲಿ ತಮ್ಮನಿಗೆ ಕಾಗದ ಬರೆದಿದ್ದ. ನಕಲು ಅಂದ್ರೆ ಕಳ್ಳತನ ಅಂತ ಹೇಳೋ ಟೀಚರು ಸಿಕ್ಕಿದ್ರೆ ಈ ಕಥೆ ಹೇಳಿ. ಸಹಿ ಮಾತ್ರ ನಿಮ್ಮದು ಹಾಕಬೇಡಿ, ಯಾರದ್ದನ್ನ ನೋಡಿ ಬರೆದಿದ್ದು ಅಂತ ಕೆಳಗೆ ಬರೀರಿ.

ಆರ್ಟ್‌ಬುಕ್ಕು ಮುಚ್ಚಿಡೋದೂ ಬಹಳ ಉಂಟು. ಒಂದು ಪಾತ್ರಕ್ಕೆ ನೂರಾರು ಸ್ಕೆಚ್ ಮಾಡಿರ್ತಾರೆ, ಬುಕ್ಕಲ್ಲಿ ಬರೋದು ಡೈರೆಕ್ಟರ್ ಮೆಚ್ಚಿದ ನಾಲ್ಕು. ಬಿದ್ದುಹೋದದ್ದು ಕಾಣದೆ ಇದ್ರೆ ಇದು ಯಾಕೆ ಗೆದ್ದಿತು ಅಂತ ಹೇಗೆ ಗೊತ್ತಾಗಬೇಕು? ಇನ್ನೊಂದು ಸೈಜು. ಗೋಡೆಯಷ್ಟು ದೊಡ್ಡ ಪೇಂಟಿಂಗು ಅಂಗೈ ಅಗಲ ಪ್ರಿಂಟ್ ಆದಾಗ ಒರಟು ಬ್ರಷ್ಷೆಲ್ಲ ಒತ್ತಿಹೋಗಿ ನುಣ್ಣಗೆ ಕಾಣ್ತದೆ, ಮಕ್ಕಳು ಅದನ್ನ ಪೆನ್ಸಿಲ್ ಚೂಪು ಮಾಡಿ ಕೂದಲು ಕೂದಲು ನಕಲು ಮಾಡ್ತಾ ಕೂತಿರ್ತಾರೆ, ಮೂಲದಲ್ಲಿ ಅದು ಮೂರು ಬೆರಳು ದಪ್ಪದ ಬ್ರಷ್ಷಿನ ಒಂದು ಎಳೆತ. ಅದಕ್ಕೇ ಚಿತ್ರದ ಕೆಳಗೆ ಸೆಂಟಿಮೀಟರಲ್ಲಿ ಅಳತೆ ಕೊಟ್ಟಿರ್ತಾರಲ್ಲ, ಅದನ್ನ ಮೊದಲು ಓದಿ, ಯಾವುದರಲ್ಲಿ ಮಾಡಿದ್ದು ಅಂತಲೂ ಓದಿ. ಕುಂಚದ ಗೆರೆಯನ್ನ ಕುಂಚದಲ್ಲೇ ನಕಲು ಮಾಡಿ, ಆಗುವಷ್ಟು ಮೂಲದ ಅಳತೆಗೇ ಮಾಡಿ. ಬಣ್ಣ ಅಂತೂ ಪ್ರಿಂಟಿಂದ ಪ್ರಿಂಟಿಗೆ ಬೇರೆ ಇರ್ತದೆ, ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ.

ಸರಿ, ಕೂತು ಮಾಡೋದು ಹೇಗೆ? ಒಂದು ಪುಟ ಆರಿಸಿ, ಇಡೀ ಪುಟ ಅಲ್ಲ, ನಿಮಗೆ ಕಷ್ಟ ಆಗಿರೋ ಜಾಗ, ಉದಾಹರಣೆಗೆ ಕೈ ಬೆರಳು. ನೋಡ್ಕೊಂಡು ಒಂದ್ಸಲ ಬರೀರಿ. ಆಮೇಲೆ ಬುಕ್ ಮುಚ್ಚಿ ನೆನಪಿಂದ ಬರೀರಿ. ಈಗ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಬೇರೆ ಆಯ್ತು ಅಂತ ಕೆಂಪು ಪೆನ್ನಲ್ಲಿ ಗುರುತು ಮಾಡಿ. ಈ ಮುಚ್ಚಿ ಬರೆಯೋದನ್ನ ಎಲ್ಲರೂ ಬಿಟ್ಟುಬಿಡ್ತಾರೆ, ಯಾಕಂದ್ರೆ ಅಲ್ಲಿ ಮರ್ಯಾದೆ ಹೋಗ್ತದೆ! ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಲ್ಲಿ ಲೆಕಾಕ್ ಅನ್ನೋ ಮೇಷ್ಟ್ರು ಇದನ್ನೇ ಒಂದು ಪದ್ಧತಿ ಮಾಡಿ ಹೇಳಿಕೊಡ್ತಿದ್ರು, ನೋಡು, ತಿರುಗು, ನೆನಪಿಂದ ಬರಿ ಅಂತ. ಶಿಲ್ಪಿ ರೋಡಿನ್ ಅವರ ಹತ್ರ ಕಲಿತವನು. ಕೆಂಪು ಗುರುತು ಮಾಡ್ತಾ ಹೋದ್ರೆ ಒಂದು ವಿಚಿತ್ರ ಗೊತ್ತಾಗ್ತದೆ, ನಿಮ್ಮ ತಪ್ಪೆಲ್ಲ ಒಂದೇ ಕಡೆ ಇರ್ತದೆ. ಕೆಲವರು ಯಾವಾಗ್ಲೂ ತಲೆ ದೊಡ್ಡದು ಮಾಡ್ತಾರೆ, ಕೆಲವರು ಓರೆ ಇದ್ದದ್ದನ್ನೆಲ್ಲ ನೆಟ್ಟಗೆ ಮಾಡ್ತಾರೆ. ನಿಮ್ಮ ಮುಂದಿನ ಪಾಠ ಯಾವುದು ಅಂತ ಆ ಕೆಂಪು ಗುರುತೇ ಹೇಳ್ತದೆ, ನನ್ನ ಹತ್ರ ಕೇಳಬೇಕಾಗಿಲ್ಲ.

ಸಿನಿಮಾ ಆರ್ಟ್‌ಬುಕ್ ಆಗಲೇ ಮನೆಗೆ ಬಂದಾಗಿದ್ರೆ ಬೇಜಾರು ಬೇಡ, ಅದರಲ್ಲಿ ಬಣ್ಣ, ಕಂಪೋಸಿಷನ್, ಅಂದ್ರೆ ಚಿತ್ರದಲ್ಲಿ ಯಾವುದನ್ನ ಎಲ್ಲಿ ಇಡೋದು ಅನ್ನೋದನ್ನ, ಕಲಿಯೋಕೆ ಒಳ್ಳೇ ಸಾಮಾನು ಸಿಗ್ತದೆ. ಒಂದು ದೊಡ್ಡ ಚಿತ್ರವನ್ನ ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ ಕಪ್ಪು, ಬೂದು, ಬಿಳಿ ಮೂರೇ ಟೋನಲ್ಲಿ ಮಾಡಿ, ಡೀಟೇಲ್ ಒಂದೂ ಬೇಡ. ಅಷ್ಟು ಸಣ್ಣದರಲ್ಲೂ ಕಣ್ಣು ಮೊದಲು ಎಲ್ಲಿಗೆ ಹೋಗ್ತದೆ ಅಂತ ಗೊತ್ತಾದ್ರೆ ಆ ಚಿತ್ರ ಗಟ್ಟಿ. ಹೀಗೆ ಒಂದು ಹಾಳೆ ತುಂಬಾ ಮಾಡಿ, ಆಮೇಲೆ ಸಂಜೆ ಸದಾಶಿವಗಡ ಗುಡ್ಡವನ್ನ ಕಾಳಿ ನದಿ ಈಚೆಯಿಂದ ಅದೇ ಸೈಜಿನ ಡಬ್ಬಿಯಲ್ಲಿ ಮಾಡಿ.

ಈಗ ನಮ್ಮ ಕಡೆಯವರಿಗೆ ಬರ್ತೇನೆ, ಯಾಕಂದ್ರೆ ಆರ್ಟ್‌ಬುಕ್ ಅಂದ್ರೆ ಜಪಾನು, ಅಮೆರಿಕದ್ದೇ ಆಗಬೇಕು ಅಂತ ಒಂದು ಭ್ರಮೆ ಉಂಟು. ಕೆ.ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಮುಂಬೈಯ ಜೆ.ಜೆ. ಸ್ಕೂಲಲ್ಲಿ ಕಲಿತು ಪ್ಯಾರಿಸ್ಸಿಗೂ ಹೋಗಿ ಬಂದವರು. ಅವರ ರೇಖಾಚಿತ್ರಗಳ ಪುಸ್ತಕ ಎಲ್ಲಾದ್ರೂ ಲೈಬ್ರರಿಯಲ್ಲಿ ಸಿಕ್ಕಿದ್ರೆ ಬಿಡಬೇಡಿ. ಒಂದು ಕುಣಿಯೋ ಹೆಂಗಸನ್ನ ಕೆಲವೇ ಗೆರೆಯಲ್ಲಿ ಮುಗಿಸಿರ್ತಾರೆ. ನಕಲು ಮಾಡೋಕೆ ಸುಲಭ ಅನ್ನಿಸ್ತದೆ, ಗೆರೆ ಕಡಿಮೆ ಅಲ್ವಾ. ಮಾಡಿ ನೋಡಿ, ಪೆನ್ನು ಎಲ್ಲಿ ಒತ್ತಿದ್ದಾರೆ, ಎಲ್ಲಿ ತೆಳುವಾಗಿ ಬಿಟ್ಟಿದ್ದಾರೆ, ಸೊಂಟದ ಹತ್ರ ಗೆರೆಯನ್ನೇ ಎತ್ತಿ ಖಾಲಿ ಬಿಟ್ರೂ ಅಲ್ಲಿ ಸೊಂಟ ಯಾಕೆ ಕಾಣ್ತದೆ, ಇದೆಲ್ಲ ಅರ್ಥ ಆಗೋದ್ರೊಳಗೆ ಬೆವರು ಬರ್ತದೆ. ಲಯ ತಿಳೀಬೇಕು ಅಂತ ಕಥಕ್ ಕಲಿತ ಮನುಷ್ಯ ಅವರು. ಆ ಗೆರೆ ಬರೀ ಬುಕ್ ನೋಡಿ ಬಂದದ್ದಲ್ಲ.

ಇನ್ನು ಶಿರಸಿ ಮಾರಿಕಾಂಬಾ ದೇವಸ್ಥಾನಕ್ಕೆ ಎಲ್ಲರೂ ಹೋಗಿದ್ದೀರಿ, ಎರಡು ವರ್ಷಕ್ಕೊಮ್ಮೆ ಜಾತ್ರೆಗಂತೂ ಹೋಗೇ ಹೋಗ್ತೀರಿ. ಅಲ್ಲಿ ಗೋಡೆಯ ಕಾವಿ ಚಿತ್ರ ನಿಂತು ನೋಡಿದವರು ಎಷ್ಟು ಜನ? ಕೈ ಎತ್ತಿ ನೋಡುವ. ಹಾಂ, ಅಷ್ಟೇ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳು ಪದರ ಕೊಟ್ಟು, ಅದು ಹಸಿ ಇರುವಾಗಲೇ ಚೂಪು ಕಡ್ಡಿಯಲ್ಲಿ ಕೆರೆದು ಕೆಂಪನ್ನ ತೆಗೀತಾರೆ, ಒಳಗಿನ ಬಿಳಿ ಕಾಣ್ತದೆ. ಬಣ್ಣ ಎರಡೇ. ಶೇಡಿಂಗ್ ಇಲ್ಲ, ರಬ್ಬರ್ ಇಲ್ಲ, ಗಾರೆ ಒಣಗೋದ್ರೊಳಗೆ ಮುಗೀಬೇಕು. ಹಾಗಾಗಿ ದೇವರ ಕೈ ಯಾವುದು, ಆಯುಧ ಯಾವುದು, ಬಳ್ಳಿ ಯಾವುದು ಅಂತ ಬರೀ ಆಕಾರದಲ್ಲೇ ಗೊತ್ತಾಗಬೇಕು, ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು. ಇದು ಇವತ್ತು ಡಿಜಿಟಲ್ ಆರ್ಟಿಸ್ಟುಗಳು ಸಿಲೂಯೆಟ್ ಅಂತ ತಲೆ ಕೆಡಿಸ್ಕೊಳ್ಳೋ ಪಾಠವೇ. ಒಂದು ಕೆಂಪು ಕಾಗದ, ಬಿಳಿ ಪೆನ್ಸಿಲ್ ತಗೊಂಡು ಹೋಗಿ ಗೋಡೆಯ ಒಂದು ಮೂಲೆ ನಕಲು ಮಾಡಿ, ಅಲ್ಲಿಯವರ ಹತ್ರ ಒಂದು ಮಾತು ಕೇಳ್ಕೊಂಡು. ಗೋಡೆ ಮುಟ್ಟಬೇಡಿ ಮಾತ್ರ, ಮುಟ್ಟಿ ಮುಟ್ಟಿಯೇ ಇಂಥ ಗೋಡೆ ಎಷ್ಟೋ ಹಾಳಾಗಿದೆ, ಉಳಿದದ್ದಕ್ಕೆ ಕೆಲವು ಕಡೆ ಜೀರ್ಣೋದ್ಧಾರ ಅಂತ ಆಯಿಲ್ ಪೇಂಟ್ ಬಳಿದಿದ್ದಾರೆ, ಅದನ್ನ ನೆನೆಸಿಕೊಂಡ್ರೆ ನನಗೆ ಮಾತು ಬೇರೆ ಕಡೆ ಹೋಗ್ತದೆ, ಬೇಡ.

ಟಾಗೋರ್ ಬೀಚಿನ ಊರಲ್ಲಿ ನಿಂತು ಇದೊಂದು ಹೇಳದೇ ಇದ್ರೆ ತಪ್ಪಾಗ್ತದೆ. ಟಾಗೋರರು ಚಿಕ್ಕ ವಯಸ್ಸಲ್ಲಿ, ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ, ಕಾರವಾರಕ್ಕೆ ಬಂದಿದ್ರು ಅನ್ನೋದು ನಿಮಗೆಲ್ಲ ಬಾಯಿಪಾಠ. ಅವರು ಚಿತ್ರಕ್ಕೆ ಗಟ್ಟಿಯಾಗಿ ಇಳಿದಿದ್ದು ಮಾತ್ರ ಅರವತ್ತು ದಾಟಿದ ಮೇಲೆ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನ ಒಂದಕ್ಕೊಂದು ಜೋಡಿಸಿ ಹಕ್ಕಿ, ಪ್ರಾಣಿ, ಎಂತೆಂತದೋ ಆಕಾರ ಮಾಡ್ತಾ ಮಾಡ್ತಾ ಅದೇ ಚಿತ್ರ ಆಯ್ತು, 1930ರಲ್ಲಿ ಪ್ಯಾರಿಸ್ಸಲ್ಲಿ ಪ್ರದರ್ಶನವೂ ಆಯ್ತು. ಕೂತು ಅಭ್ಯಾಸ ಮಾಡದೇ ಅವರು ಚಿತ್ರಗಾರ ಆಗಲಿಲ್ವಾ ಅಂತ ವಾದ ಮಾಡೋರು ಇದ್ದಾರೆ. ಆಗಬಹುದು. ಅವರು ಅಷ್ಟು ಹೊತ್ತಿಗೆ ದೇಶ ದೇಶದ ಕಲೆ ನೋಡಿದ್ರು, ಮತ್ತೆ ಅವರಿಗೆ ಬೇಕಾದದ್ದು ಮೊಣಕೈ ಸರಿಯಾಗಿ ಬರೋದಲ್ಲ. ನಿಮಗೆ ಮೊಣಕೈ ಬೇಕಾದ್ರೆ ಆ ದಾರಿ ಉಪಯೋಗಕ್ಕಿಲ್ಲ.

ಇಷ್ಟು ಹೇಳಿ ನಾನು ಮುಗಿಸಿದ್ದೆ, ಆಮೇಲೆ ಕೆಲವು ಪ್ರಶ್ನೆ ಬಂತು.

ಮೊಬೈಲಲ್ಲೇ ಎಲ್ಲ ಚಿತ್ರ 'ಫ್ರೀ' ಸಿಗುವಾಗ ಬುಕ್ ಯಾಕೆ ಅಂತ ಒಬ್ಬರು ಕೇಳಿದ್ರು. ಬುಕ್ಕೇ ಬೇಕು ಅಂತ ಏನಿಲ್ಲ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಬಿಟ್ಟಿದೆ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನದ್ದೂ ಹಾಗೇ ಸಿಗ್ತದೆ, ಅಳತೆ, ಮಾಧ್ಯಮ ಎಲ್ಲ ಬರೆದಿರ್ತದೆ, ಬ್ರಷ್ಷಿನ ಕೂದಲು ಕಾಣೋವಷ್ಟು ಝೂಮ್ ಮಾಡಬಹುದು. ಮೊಬೈಲಿನ ತೊಂದರೆ ಬೇರೆ, ಒಂದು ಚಿತ್ರ ತೆಗೆದ್ರೆ ಕೆಳಗೆ ಇನ್ನೂ ಇಪ್ಪತ್ತು ಬಂದು ಕೂರ್ತದೆ. ಒಂದನ್ನ ಆರಿಸಿ ಜೆರಾಕ್ಸ್ ಅಂಗಡಿಯಲ್ಲಿ ಎ3 ಸೈಜಿಗೆ ಪ್ರಿಂಟ್ ಹೊಡೆಸಿ ಗೋಡೆಗೆ ಅಂಟಿಸಿ, ಮೊಬೈಲನ್ನ ಅಮ್ಮನ ಕೈಗೆ ಕೊಡಿ.

ಟ್ರೇಸಿಂಗ್ ಮಾಡಬಹುದಾ ಅಂತ ಇನ್ನೊಬ್ಬಳು. ಮಾಡು, ಆದ್ರೆ ಕೊನೆಗೆ. ಮೊದಲು ಕಣ್ಣಂದಾಜಲ್ಲಿ ನಕಲು ಮಾಡು, ಆಮೇಲೆ ಮೂಲವನ್ನ ಟ್ರೇಸಿಂಗ್ ಪೇಪರಲ್ಲಿ ತೆಗೆದು ನಿನ್ನದರ ಮೇಲೆ ಇಟ್ಟು ನೋಡು, ಎಲ್ಲಿ ತಪ್ಪಿತು ಅಂತ ಸುಳ್ಳಿಲ್ಲದೆ ತೋರಿಸ್ತದೆ. ಮೊದಲೇ ಟ್ರೇಸ್ ಮಾಡಿದ್ರೆ ಕಣ್ಣಿಗೆ ಕೆಲಸವೇ ಇಲ್ಲ.

ಕೊನೆಗೆ ಕುಮಟಾ ಕಡೆಯಿಂದ ಬಂದ ಒಬ್ಬ ತಾಯಿ, "ಸರ್, ನಮ್ಮ ಹುಡ್ಗ ಅನಿಮೆ, ಆ ಜಪಾನಿ ಕಾರ್ಟೂನು, ಬಿಟ್ರೆ ಬೇರೆ ಎಂತದೂ ಬಿಡ್ಸೂದಿಲ್ಲ, ದೊಡ್ಡ ಕಣ್ಣು, ಚೂಪು ಗಲ್ಲ, ಅದೇ ಅದೇ, ಬೈಯ್ಲಾ ಬೇಡ್ವಾ?" ಅಂತ ಕೇಳಿದ್ರು. ಬೈಬೇಡಿ ಅಕ್ಕ. ಇಷ್ಟ ಇರೋದಕ್ಕೇ ದಿನಾ ಕೂತು ಬಿಡಿಸ್ತಾ ಇದ್ದಾನೆ, ಅದನ್ನ ಕಸಿದ್ರೆ ಪೆನ್ಸಿಲ್ಲೇ ಬಿಡ್ತಾನೆ. ಒಂದು ಕೆಲಸ ಕೊಡಿ. ಅಡಿಕೆ ಸುಲಿಯೋ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತಿರೋ ಅಜ್ಜಿಯನ್ನ ಅನಿಮೆ ಥರವೇ ಬಿಡಿಸು ಅಂತ ಹೇಳಿ. ಕಣ್ಣು ಬೇಕಾದಷ್ಟು ದೊಡ್ಡದು ಮಾಡ್ಲಿ. ಆದ್ರೆ ಒಂದು ಕಾಲು ಮಡಚಿ ಇನ್ನೊಂದರಲ್ಲಿ ಕತ್ತಿಯ ಮಣೆ ಒತ್ತಿ ಹಿಡಿದು ಕೂತಾಗ ಸೀರೆ ಮಂಡಿ ಹತ್ರ ಹೇಗೆ ಬಿಗೀತದೆ, ಬೆನ್ನು ಎಷ್ಟು ಬಾಗ್ತದೆ, ಎರಡು ಕೈ ಅಡಿಕೆಯನ್ನ ಹೇಗೆ ಒತ್ತಿ ತಿರುವ್ತವೆ ಅನ್ನೋದು ಅವನ ಹತ್ರ ಇರೋ ಯಾವ ಬುಕ್ಕಲ್ಲೂ ಇಲ್ಲ. ಒಂದೆರಡು ಹಾಳೆ ಹರಿದು ಹಾಕಿದ ಮೇಲೆ ಅವನೇ ಹುಡುಕ್ಕೊಂಡು ಬರ್ತಾನೆ, ಮಡಚಿದ ಕಾಲು, ಕೂತ ಭಂಗಿ ಯಾರು ಚಂದ ಮಾಡಿದ್ದಾರೆ ಅಂತ. ಆಗ ನನ್ನ ಹತ್ರ ಕಳಿಸಿ, ಹೊಕುಸಾಯ್ ಸ್ಕೆಚ್ಚುಗಳ ಪ್ರಿಂಟ್ ಕೊಡ್ತೇನೆ, ಅದರಲ್ಲಿ ಕೂತು ಕೆಲಸ ಮಾಡೋ ಜನ ಬೇಕಾದಷ್ಟಿದ್ದಾರೆ.